ಹಳೇ ರೈಲು ಮಾರ್ಗವನ್ನು ನಡಿಗೆ, ಸೈಕಲ್ ದಾರಿ ಮಾಡುವಾಗ ಮೊದಲು ಏನು ನೋಡಬೇಕು?

ಮೊದಲು ಜಾಗ ಯಾರದ್ದು ಅಂತ ನೋಡಿ. ರೈಲು ನಿಂತ ಮೇಲೆ ಕೆಲವು ತುಂಡುಗಳು ಪಕ್ಕದ ಜಮೀನಿನವರ ಕೈ ಸೇರಿರಬಹುದು. ಒಂದು ತುಂಡು ಸಿಗದಿದ್ದರೂ ದಾರಿ ಅಲ್ಲೇ ಕಡಿಯುತ್ತದೆ.

ಏರಿಳಿತದ ಚಿಂತೆ ಕಡಿಮೆ. ರೈಲು ದಾರಿಯ ಏರು ಸಾಮಾನ್ಯವಾಗಿ ಶೇ 2–3 ದಾಟುವುದಿಲ್ಲ, ಗಾಲಿಕುರ್ಚಿಯವರಿಗೂ ಸಲೀಸು. ಅಗಲ 3 ಮೀಟರ್ ಆದರೂ ಇರಲಿ. ಹಳಿಯ ಕೆಳಗಿನ ಹಳೇ ಮರದ ಸ್ಲೀಪರ್‌ಗಳಿಗೆ (ಅಡ್ಡದಿಮ್ಮಿಗಳಿಗೆ) ಕ್ರಿಯೋಸೋಟ್, ಅಂದರೆ ಮರ ಕೊಳೆಯದಂತೆ ತಡೆಯುವ ವಿಷಕಾರಿ ಎಣ್ಣೆ, ಉಣಿಸಿರುತ್ತಾರೆ. ಅದು ಮಣ್ಣಿಗೂ ಇಳಿದಿರಬಹುದು, ಹಾಗಾಗಿ ಮಣ್ಣಿನ ಪರೀಕ್ಷೆ ಮಾಡಿಸದೆ ಸುಮ್ನೆ ಡಾಂಬರು ಹಾಕಬೇಡಿ.

ಮೋರಿಗಳನ್ನು ಮಳೆ ಬರುವಾಗಲೇ ಹೋಗಿ ನೋಡಿ. ಕಸ ಕಟ್ಟಿಕೊಂಡು ನೀರು ನಿಂತಿದ್ದರೆ ಏರಿಯೇ ಕುಸಿಯಬಹುದು. ಸುರಂಗವಿದ್ದರೆ ಮುಚ್ಚಬೇಡಿ! ಹಳೇ ರೈಲು ಮಾರ್ಗದ ಮೇಲೆ ಮಾಡಿದ ಅಮೆರಿಕದ ಎಲ್ರಾಯ್–ಸ್ಪಾರ್ಟಾ ಸೈಕಲ್ ದಾರಿಯಲ್ಲಿ 3 ಸುರಂಗಗಳಿವೆ. ಒಳಗೆ ಕತ್ತಲು, ಮೇಲಿಂದ ನೀರು ತೊಟ್ಟಿಕ್ಕುತ್ತದೆ. ಸೈಕಲ್ ಇಳಿದು, ಟಾರ್ಚ್ ಹಿಡಿದು ನಡೆಯಬೇಕು. ಜನ ಅದಕ್ಕೆಂದೇ ಬರುತ್ತಾರೆ.