ಮುಳ್ಳಯ್ಯನಗಿರಿಗೆ ಸ್ಲಾಟ್ ಸಿಗದಿದ್ದರೆ ಕಾರು ಎಲ್ಲಿ ನಿಲ್ಲಿಸೋದು?

ಭಾನುವಾರವೇ ಹೋಗಬೇಕು, ಬೆಟ್ಟಕ್ಕೆ ಗಾಡಿ ಬಿಡಲು ಬೇಕಾದ ಆನ್‌ಲೈನ್ ಸ್ಲಾಟ್ ಸಿಕ್ಕಿಲ್ಲ, ಜೊತೆಗೆ ಮಂಡಿನೋವಿನ ಅಮ್ಮ ಇದ್ದಾರೆ, ಹೇಗಾದರೂ ಚೆಕ್‌ಪೋಸ್ಟ್ ದಾಟಿ ಆದಷ್ಟು ಮೇಲೆ ಪಾರ್ಕಿಂಗ್ ಸಿಗುವ ಉಪಾಯ ಹೇಳಿ ಅಂತ ಕೇಳಿದ್ದೀರಿ. ಅಮ್ಮನ ಜಾಗದಲ್ಲಿ ಅತ್ತೆ ಅಂತ ಹಾಕಿದರೆ ಇದು 2022ರ ನನ್ನದೇ ಕಥೆ. ಆಗ ಸ್ಲಾಟ್ ಅನ್ನೋದು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಆ ವರ್ಷ ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿತ್ತು. ವಾಟ್ಸ್ಯಾಪ್ ತೆರೆದರೆ ಅದೇ ಫೋಟೋ. ಮೇಲಿಂದ ದಸರಾ ರಜೆ ಬೇರೆ. ನಮ್ಮ ಅತ್ತೆಗೆ ಹೂವಿಗಿಂತ ಬೆಟ್ಟದ ತುದಿಯಲ್ಲಿರುವ ಮುಳ್ಳಪ್ಪಸ್ವಾಮಿಯ ಗದ್ದುಗೆಗೆ ಒಂದು ನಮಸ್ಕಾರ ಹಾಕಿ ಬರಬೇಕು ಅನ್ನೋ ಆಸೆ. ಮಕ್ಕಳಿಗೆ ಮಂಜು ನೋಡುವ ಆಸೆ. ಬೆಳಗಿನ ಜಾವ ಬೆಂಗಳೂರು ಬಿಟ್ಟೆವು. ಸ್ಟೇರಿಂಗ್ ನನ್ನ ಕೈಯಲ್ಲಿತ್ತು.

ಚೆಕ್‌ಪೋಸ್ಟ್ ಇರುವ ಕೈಮರ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಸಾಲು ಶುರುವಾಯಿತು. ದಾರಿಯಲ್ಲೇ ಸಿಗುವ ಸೀತಾಳಯ್ಯನಗಿರಿ ತಲುಪುವ ಹೊತ್ತಿಗೇ ಎಲ್ಲರೂ ಸುಸ್ತು. ಅಲ್ಲಿ ಜೀಪುಗಳು ನಿಂತಿದ್ದವು, ಮೇಲಕ್ಕೆ ಕರೆದುಕೊಂಡು ಹೋಗಿ ತಂದು ಬಿಡುತ್ತೇವೆ ಅಂತ ಕರೆಯುತ್ತಿದ್ದರು. ನಮ್ಮ ಮನೆಯವರು ಇಳಿದು ವಿಚಾರಿಸಿಯೂ ಬಂದರು. ನಾನೇ ಬೇಡ ಅಂದೆ. ನಮ್ಮದೇ ಕಾರಿದೆ, ಅತ್ತೆಗೆ ಜೀಪು ಹತ್ತಿ ಇಳಿಯೋದು ಕಷ್ಟ, ಸುಮ್ನೆ ಯಾಕೆ ದುಡ್ಡು ಅಂತ.

ಅಲ್ಲಿಂದ ಮೇಲೆ ರಸ್ತೆ ಇನ್ನೂ ಕಿರಿದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಮೇಲಿಂದ ಇಳಿಯುವ ಗಾಡಿಗೂ ಕೆಳಗಿಂದ ಹತ್ತುವ ಗಾಡಿಗೂ ಅದೇ ದಾರಿ. ಮೇಲೆ ಜಾಗ ತುಂಬಿದ ಮೇಲೆ ಜನ ರಸ್ತೆ ಬದಿಯಲ್ಲೇ ಕಾರು ಬಿಟ್ಟು ನಡೆದುಬಿಟ್ಟಿದ್ದರು. ಇದ್ದ ದಾರಿಯೂ ಅರ್ಧವಾಗಿತ್ತು. ಅಡಿ ಅಡಿಯಾಗಿ ಮುಂದೆ ಹೋಗಬೇಕು, ನಿಲ್ಲಬೇಕು, ಮತ್ತೆ ಅಡಿ ಹೋಗಬೇಕು.

ಇಲ್ಲಿ ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ. ಬೆಂಗಳೂರಿನ ಫ್ಲೈಓವರ್ ಮೇಲೆ ಕಾರು ಓಡಿಸಿ ಅಭ್ಯಾಸ ಇರುವವರು ಬಹಳ ಮಂದಿ ಇದನ್ನೇ ಮಾಡುತ್ತಾರೆ. ನನ್ನ ಹಿಂದಿನ ಕಾರು ಬಂಪರಿಗೆ ಬಂಪರ್ ತಾಗುವಷ್ಟು ಹತ್ತಿರ ಇತ್ತು. ಬ್ರೇಕಿನಿಂದ ಕಾಲು ತೆಗೆದರೆ ಕಾರು ಹಿಂದಕ್ಕೆ ಜಾರಿ ಅವರಿಗೆ ಗುದ್ದುತ್ತದೆ ಅನ್ನೋ ಭಯ. ಅದಕ್ಕೆ ಎಡಗಾಲನ್ನು ಕ್ಲಚ್ ಮೇಲೆ ಅರ್ಧಕ್ಕೆ ಹಿಡಿದು, ಬಲಗಾಲಲ್ಲಿ ಸ್ವಲ್ಪ ಎಕ್ಸಲರೇಟರ್ ಕೊಡುತ್ತಾ ಕಾರನ್ನು ಏರಿನಲ್ಲಿ ಹಾಗೇ ತೂಗಿಸಿ ನಿಲ್ಲಿಸುತ್ತಿದ್ದೆ. ಕ್ಲಚ್ ಪೂರ್ತಿ ಒತ್ತಿದರೆ ಕ್ಲಚ್ ಪ್ಲೇಟು ಇಂಜಿನ್ ತಿರುಗಿಸುವ ಚಕ್ರದಿಂದ (ಫ್ಲೈವೀಲ್) ಬಿಡಿಸಿಕೊಂಡಿರುತ್ತದೆ. ಪೂರ್ತಿ ಬಿಟ್ಟರೆ ಗಟ್ಟಿಯಾಗಿ ಕೂತು ಅದರ ಜೊತೆಗೇ ತಿರುಗುತ್ತದೆ. ಅರ್ಧ ಹಿಡಿದರೆ ಎರಡೂ ಇಲ್ಲ, ಒಂದಕ್ಕೊಂದು ಉಜ್ಜುತ್ತಲೇ ಇರುತ್ತದೆ. ಫ್ಲೈಓವರ್ ಮೇಲೆ ಅರ್ಧ ನಿಮಿಷ ಹೀಗೆ ನಿಲ್ಲಿಸಿದರೆ ಏನೂ ಆಗಲ್ಲ. ಐದು ಜನ ತುಂಬಿದ ಕಾರನ್ನು ಆ ಏರಿನಲ್ಲಿ ಗಂಟೆಗಟ್ಟಲೆ ಹೀಗೆ ಹಿಡಿದರೆ ಪ್ಲೇಟಿನ ಪದರವೇ ಸುಟ್ಟುಹೋಗುತ್ತದೆ. ಮಾಡಬೇಕಿದ್ದು ಇಷ್ಟೇ: ನಿಂತ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಎರಡೂ ಕಾಲು ತೆಗೆದು ಕೂರುವುದು. ಮುಂದಿನ ಗಾಡಿ ಒಂದು ಕಾರಿನಷ್ಟು ದೂರ ಹೋದ ಮೇಲೆ ಒಂದೇ ಸಲ ಹೊರಡುವುದು. ಹಾಗೆ ಜಾಗ ಬಿಟ್ಟರೆ ಯಾರಾದರೂ ನುಗ್ಗುತ್ತಾರೆ ಅಂತ ನಾನು ಬಿಡಲಿಲ್ಲ.

ಮೊದಲು ವಾಸನೆ ಬಂತು. ಮುಂದಿನ ಗಾಡಿಯದ್ದು ಅಂದುಕೊಂಡು ಗಾಜು ಏರಿಸಿದೆ. ಆಮೇಲೆ ಬಾನೆಟ್ ಸಂದಿಯಿಂದ ತೆಳ್ಳಗೆ ಹೊಗೆ ಕಾಣಿಸಿತು, ಮಂಜಿನಲ್ಲಿ ಅದೂ ಸರಿಯಾಗಿ ಗೊತ್ತಾಗಲಿಲ್ಲ. ಒಂದು ತಿರುವಿನಲ್ಲಿ ಎಕ್ಸಲರೇಟರ್ ಎಷ್ಟು ತುಳಿದರೂ ಇಂಜಿನ್ ಅರಚುತ್ತಿದೆ, ಕಾರು ಕದಲುತ್ತಿಲ್ಲ. ಹಿಂದೆ ಮುಂದೆ ಎಲ್ಲ ಹಾರ್ನ್. ಮಕ್ಕಳು ಅಳೋಕೆ ಶುರು ಮಾಡಿದರು. ಇಳಿದು ಬರುತ್ತಿದ್ದ ಜೀಪೊಂದರ ಹುಡುಗ ಬಂದು ಕಿಟಕಿ ತಟ್ಟಿದ. "ಅಕ್ಕಾ, ಹ್ಯಾಂಡ್‌ಬ್ರೇಕ್ ಎಳ್ದು ಎಲ್ರೂ ಇಳೀರಿ. ಇದಿನ್ನು ಹತ್ತಲ್ಲ" ಅಂದ. ಹಿಂದಿನ ಟೈರಿಗೆ ಕಲ್ಲು ಕೊಟ್ಟು, ಇನ್ನೊಂದಿಷ್ಟು ಜನರನ್ನು ಸೇರಿಸಿಕೊಂಡು, ಹಿಂದಿನ ಗಾಡಿಗಳನ್ನೆಲ್ಲ ಒಂದೊಂದಾಗಿ ಸರಿಸಿ, ನಮ್ಮ ಕಾರನ್ನು ಸ್ವಲ್ಪ ಅಗಲವಿದ್ದ ಜಾಗಕ್ಕೆ ಹಿಮ್ಮುಖವಾಗಿ ಇಳಿಸಿಕೊಟ್ಟ. ಅವನಿಗೆ ಇವತ್ತಿಗೂ ಋಣಿ.

ಟೋಯಿಂಗ್, ಕ್ಲಚ್ ಸೆಟ್ಟು, ಮಜೂರಿ ಎಲ್ಲ ಸೇರಿ 19,000 ರೂಪಾಯಿ ಆಯಿತು. ಆದರೆ ನನ್ನನ್ನು ಕಾಡುವುದು ಆ ಬಿಲ್ ಅಲ್ಲ. ಕಾರು ಕೆಳಗೆ ಹೋಗಲಿ ಅಂತ ನಾವು ಕಾಯುತ್ತಿದ್ದಾಗ ಕೆಳಗಿನ ರಸ್ತೆಯವರೆಗೂ ಸಾಲು ಬೆಳೆದಿತ್ತಂತೆ. ಆಮೇಲೆ ಇಳಿಯುವಾಗ ನೋಡಿದೆ: ಅಲ್ಲಿಯ ತೋಟಗಳಲ್ಲಿ ಕೆಲಸ ಮಾಡುವ ಹೆಂಗಸರು ಪೇಟೆಯಿಂದ ತಂದ ರೇಷನ್ ಚೀಲಗಳನ್ನು ತಲೆ ಮೇಲೆ ಹೊತ್ತು, ಮಳೆ ಹನಿಯುತ್ತಿದ್ದರೂ ಕಾರುಗಳ ಸಂದಿಯಲ್ಲಿ ನಡೆದು ಹೋಗುತ್ತಿದ್ದರು. ಅವರು ಕೂತಿದ್ದ ಗಾಡಿ ಎಲ್ಲೋ ಹಿಂದೆ ಸಿಕ್ಕಿಕೊಂಡಿತ್ತು. ನಾವು ಒಂದು ಭಾನುವಾರ ನೋಡಿ ಹೋಗುವ ರಸ್ತೆ ಅವರಿಗೆ ದಿನಾ ಮನೆಗೆ ಹೋಗುವ ದಾರಿ. ಆಸ್ಪತ್ರೆಗೂ ಅದೇ ದಾರಿ.

ಅದಕ್ಕೇ ಚೆಕ್‌ಪೋಸ್ಟ್ ತಪ್ಪಿಸುವ ಉಪಾಯ ನನಗೆ ಗೊತ್ತಿದ್ದರೂ ನಾನು ಹೇಳುವುದಿಲ್ಲ. 2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತ ತಂದಿರುವ ವ್ಯವಸ್ಥೆಯಲ್ಲಿ ಬೆಳಿಗ್ಗೆ 600 ಗಾಡಿ, ಮಧ್ಯಾಹ್ನ 600 ಗಾಡಿ. ಇದು ಕಡಿಮೆ ಅಂತ ನಿಮಗೆ ಅನ್ನಿಸಬಹುದು. ನನಗೆ ಇದೇ ಜಾಸ್ತಿ. ಒಂದು ಕಾರಿಗೆ ನಾಲ್ಕು ಜನ ಅಂದರೂ ದಿನಕ್ಕೆ ಹತ್ತಿರ ಹತ್ತಿರ 5,000 ಜನ ಆಯಿತು. ಇನ್ನೊಂದು ವಿಷಯ: ಸ್ಲಾಟ್ ಅಂದರೆ ಗೇಟು ದಾಟಲು ಅನುಮತಿ. ಮೇಲೆ ನಿಮ್ಮ ಹೆಸರಲ್ಲಿ ಯಾರೂ ಜಾಗ ಹಿಡಿದಿಟ್ಟಿರುವುದಿಲ್ಲ. ಸ್ಲಾಟ್ ಸಿಕ್ಕಿತು, ಹಾಗಾಗಿ ಪಾರ್ಕಿಂಗ್ ಸಿಕ್ಕಿತು ಅಂತ ಲೆಕ್ಕ ಹಾಕಬೇಡಿ.

ಜಾಗ ಇಲ್ಲದಾಗ ಜನ ಏನು ಮಾಡುತ್ತಾರೆ ಗೊತ್ತಲ್ವಾ? ಹುಲ್ಲಿನ ಮೇಲೆ ಹತ್ತಿಸುತ್ತಾರೆ. ಆ ಹುಲ್ಲು ಖಾಲಿ ಜಾಗ ಅಲ್ಲ. ಮಳೆ ನೀರನ್ನು ಹೀರಿ ಹಿಡಿದುಕೊಂಡು ಕೆಳಗಿನ ಕಣಿವೆಗಳ ದಟ್ಟ ಶೋಲಾ ಕಾಡಿಗೆ ನಿಧಾನವಾಗಿ ಬಿಡುವುದೇ ಅದು. ಅಯ್ಯನಕೆರೆಗೆ, ಮದಗದಕೆರೆಗೆ, ವೇದಾವತಿಗೆ ನೀರು ಹರಿದು ಬರುವುದು ಈ ಬೆಟ್ಟಸಾಲಿನಿಂದಲೇ. ಟೈರು ಓಡಾಡಿದ ಕಡೆ ಮಣ್ಣು ಗಟ್ಟಿಯಾಗಿ ಹುಲ್ಲು ಏಳುವುದಿಲ್ಲ. ನಾವು ಅವತ್ತು ಕಾಯುತ್ತಾ ನಿಂತಿದ್ದ ಕಡೆ ಹಳೆಯ ಟೈರಿನ ಗುರುತೊಂದು ಮೊಣಕೈ ಆಳದ ಕೊರಕಲಾಗಿತ್ತು, ಅದರಲ್ಲಿ ಕೆಂಪು ನೀರು ರಭಸವಾಗಿ ಇಳಿಯುತ್ತಿತ್ತು. ಮಳೆಗಾಲದಲ್ಲಿ ಇದೇ ರಸ್ತೆ ಕುಸಿದು ಬಂದ್ ಆಗುವುದನ್ನು ಪೇಪರಿನಲ್ಲಿ ಓದುವಾಗೆಲ್ಲ ನನಗೆ ಆ ಕೊರಕಲು ನೆನಪಾಗುತ್ತದೆ.

ಈಗ ನಿಮ್ಮ ಅಮ್ಮನ ವಿಷಯ. ಕಾರು ಮುಳ್ಳಯ್ಯನಗಿರಿಯ ಬುಡದವರೆಗೆ ಹೋದರೂ ಗದ್ದುಗೆಗೆ ಮತ್ತೆ ಸುಮಾರು 500 ಮೆಟ್ಟಿಲು ಹತ್ತಬೇಕು, ಅದೂ 1,930 ಮೀಟರ್ ಎತ್ತರದ ಗಾಳಿಯಲ್ಲಿ. ಮಂಡಿನೋವಿರುವವರಿಗೆ ಅದು ಆಗದ ಮಾತು. ನಮ್ಮ ಅತ್ತೆಯೂ ಅವತ್ತು ಮೇಲೆ ತಲುಪಿದ್ದರೂ ಕಾರಿನಲ್ಲೇ ಕೂರಬೇಕಿತ್ತು, ಅದನ್ನು ನಾನು ಯೋಚನೆಯನ್ನೇ ಮಾಡಿರಲಿಲ್ಲ. ನೀವು ಪಾರ್ಕಿಂಗ್ ಹುಡುಕುತ್ತಿರುವುದು ಅಮ್ಮನಿಗಾಗಿ ಅಲ್ಲ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಅಮ್ಮನಿಗೆ ಸೀತಾಳಯ್ಯನಗಿರಿಯೇ ಸಾಕು. ದೇವಸ್ಥಾನ ಹತ್ತಿರದಲ್ಲೇ ಇದೆ, ಮಂಜೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ. ಹತ್ತಲು ಆಗುವವರು ಅಲ್ಲಿಂದ ಜೀಪಿನಲ್ಲಿ ಹೋಗಿ ಬರಲಿ.

ಬೆಟ್ಟದ ಮೇಲಿನ ದೇವರೇ ಬೇಕು ಅಂದರೆ ಗುಂಡ್ಲುಪೇಟೆ ಹತ್ತಿರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ನಾವು ಅತ್ತೆಯನ್ನು ಆಮೇಲೆ ಅಲ್ಲಿಗೇ ಕರೆದುಕೊಂಡು ಹೋದೆವು. ಖಾಸಗಿ ಗಾಡಿಗಳನ್ನು ಬುಡದಲ್ಲೇ ನಿಲ್ಲಿಸುತ್ತಾರೆ, ಮೇಲಕ್ಕೆ ಕೆಎಸ್ಸಾರ್ಟಿಸಿ ಬಸ್ಸು. ಅತ್ತೆ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಕಾಡು ನೋಡಿಕೊಂಡು ಬಂದರು, ಇಳಿದು ನಿಧಾನವಾಗಿ ಕೆಲವೇ ಮೆಟ್ಟಿಲು ಹತ್ತಿದರು. ಹಾರ್ನ್ ಇಲ್ಲ, ರಿವರ್ಸ್ ಇಲ್ಲ, ಜಗಳ ಇಲ್ಲ. ಒಂದು ಬಸ್ಸು ಹತ್ತು ಹನ್ನೆರಡು ಕಾರಿನ ಜನರನ್ನು ಕರೆದುಕೊಂಡು ಹೋಗುತ್ತದೆ. ಮುಳ್ಳಯ್ಯನಗಿರಿಗೂ ಇದೇ ಬರಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಕುದುರೆಮುಖಕ್ಕೆ ಚಾರಣ ಹೋಗುವವರು ಕಾರನ್ನು ಕೆಳಗೇ ಬಿಟ್ಟು, ನಡಿಗೆ ಶುರುವಾಗುವ ಮುಳ್ಳೋಡಿಗೆ ಜೀಪಿನಲ್ಲೇ ಹೋಗುತ್ತಾರೆ. ಅಲ್ಲಿ ದಿನಕ್ಕೆ 300 ಜನರ ಮಿತಿಯೂ ಇದೆ. ಊರಿನ ಜೀಪಿನವರಿಗೂ ದುಡಿಮೆ ಆಗುತ್ತದೆ.

ಇಷ್ಟರ ಮೇಲೂ ಮುಳ್ಳಯ್ಯನಗಿರಿಯೇ ಆಗಬೇಕು ಅಂದರೆ ಭಾನುವಾರ ಬಿಡಿ. ಒಂದು ದಿನ ರಜೆ ಹಾಕಿ ಮಂಗಳವಾರವೋ ಬುಧವಾರವೋ ಬೆಳಗಿನ ಸ್ಲಾಟ್ ಹಿಡಿಯಿರಿ. ಗೇಟು ತೆಗೆಯುವುದೇ 6ಕ್ಕೆ, ಹಾಗಾಗಿ ತುದಿಯಲ್ಲಿ ಸೂರ್ಯೋದಯದ ಆಸೆ ಬೇಡ. ಡಿಸೆಂಬರ್‌ನಲ್ಲಿ ದತ್ತ ಜಯಂತಿ ಸಮಯಕ್ಕೆ ಕೆಲವು ದಿನ ಪ್ರವಾಸಿಗರನ್ನು ಬಿಡುವುದೇ ಇಲ್ಲ, ಜೋರು ಮಳೆಯಲ್ಲೂ ದಿಢೀರ್ ಅಂತ ನಿಲ್ಲಿಸುತ್ತಾರೆ. ರೂಮು ಬುಕ್ ಮಾಡುವ ಮುಂಚೆ ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ. ನಿಮ್ಮ ಕಾರನ್ನು ಚಿಕ್ಕಮಗಳೂರಿನ ಹೋಟೆಲಿನಲ್ಲೇ ಬಿಟ್ಟು, ಆ ರಸ್ತೆ ಬಲ್ಲ ಊರಿನ ಡ್ರೈವರ್‌ನ ಗಾಡಿಯಲ್ಲಿ ಹೋಗಿ. ಸ್ಲಾಟ್ ಬುಕ್ ಮಾಡುವಾಗ ಅವರ ಗಾಡಿ ನಂಬರೇ ಕೊಡಬೇಕು, ಅದನ್ನು ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ.