ಓದುಗರ ಪ್ರಶ್ನೆ: ಟ್ರಿನಿಡಾಡ್‌ನಲ್ಲಿ ಅಲ್ಲಿಯವರ ಊಟ ಏನಾಯಿತು?

ಪ್ರಶ್ನೆ: ಮೇಡಂ, ವಲಸೆ ಬಂದವರ ಅಡುಗೆಯಿಂದ ದೇಶದ ಸಂಸ್ಕೃತಿ ಬೆಳೆಯುತ್ತದೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದಿರಿ. ನನಗೆ ಒಪ್ಪಿಗೆಯಾಗಲಿಲ್ಲ. ಹೊರಗಿನ ರುಚಿ ಬಂದಲ್ಲೆಲ್ಲ ಊರಿನ ರುಚಿ ಹಿಂದೆ ಸರಿಯುತ್ತದೆ. ನೀವು ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್‌ನಲ್ಲಿ ಪಾಠ ಮಾಡಿದವರು. ಅಲ್ಲಿ ಹಾಗಾಗಲಿಲ್ಲವೇ?
– ನಿವೃತ್ತ ಶಿಕ್ಷಕರೊಬ್ಬರು, ದಾವಣಗೆರೆ

ಉತ್ತರ: ಇಲ್ಲ ಸಾರ್, ಹಾಗಾಗಲಿಲ್ಲ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಕಡಿಮೆ ಕೂಲಿಯ ಆಳುಗಳು ಬೇಕೆಂದು ಬ್ರಿಟಿಷರು ಭಾರತದಿಂದ ಕರಾರಿನ ಮೇಲೆ ಜನರನ್ನು ಸಾಗಿಸಿದರು. ಮೊದಲ ಹಡಗು ಫತೆಲ್ ರಜಾಕ್ 1845ರ ಮೇ 30ರಂದು ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್ ಬಂದರು ಮುಟ್ಟಿತು. 1917ರವರೆಗೆ ಬಂದವರು 1.4 ಲಕ್ಷಕ್ಕೂ ಹೆಚ್ಚು. ಮದ್ರಾಸಿನಿಂದ ಹೊರಟವರೂ ಇದ್ದರು, ಆದರೆ ಬಹುಪಾಲು ಜನ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದ ಕಡೆಯವರು, ಭೋಜಪುರಿ ಮಾತಿನವರು.

ಇವರ ಅಡುಗೆ ಬಂದಂತೆಯೇ ಉಳಿಯಲಿಲ್ಲ. ದಾಲ್‌ಪುರಿಗೆ ಕಡಲೆಬೇಳೆಯ ಬದಲು ಒಣ ಬಟಾಣಿ ಬೇಳೆ ಬಂತು. ಊರಲ್ಲಿ ಉದ್ದು ರುಬ್ಬಿ ಮಾಡುತ್ತಿದ್ದ ಬರಾ ಅಲ್ಲಿ ಅರಿಶಿನ, ಈಸ್ಟ್ ಹಾಕಿದ ಮೈದಾದ ಮೆತ್ತನೆಯ ಪೂರಿಯಾಯಿತು. ಕೆಸುವಿನ ಎಲೆಗೆ ಬೇಳೆ ಹಿಟ್ಟು ಸವರಿ, ಸುರುಳಿ ಸುತ್ತಿ, ಕೊಯ್ದು ಕರಿಯುವ ತಿಂಡಿಯೊಂದಿದೆ, ಸಹೀನಾ ಅಂತ. ನಮ್ಮ ಕರಾವಳಿಯವರು ನೋಡಿದರೆ ಪತ್ರೊಡೆಯ ನೆಂಟ ಎನ್ನುತ್ತಾರೆ. ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ತೊಗರಿ. ಅದು ನಮ್ಮ ಉಪಖಂಡದ್ದೇ ಬೆಳೆ, ಎಷ್ಟೋ ಹಿಂದೆ ಆಫ್ರಿಕಾ ಸೇರಿ, ಅಲ್ಲಿಂದ ಗುಲಾಮರ ವ್ಯಾಪಾರದ ಹಾದಿಯಲ್ಲಿ ಕೆರಿಬಿಯನ್‌ಗೆ ಹೋಗಿತ್ತು. ಆಫ್ರಿಕಾ ಮೂಲದವರು ಸಕ್ಕರೆ ಕಪ್ಪಾಗಿಸಿ, ಅದರಲ್ಲಿ ಕೋಳಿ ಹುರಿದು, ಅಕ್ಕಿ ಮತ್ತು ಹಸಿ ತೊಗರಿಕಾಳು ಹಾಕಿ ಬೇಯಿಸುವ ಪೆಲಾವ್ ಇವತ್ತು ಆ ದೇಶದ ಎಲ್ಲರ ಮನೆಯ ಅಡುಗೆ.

ಗೌರವ ಮಾತ್ರ ತಡವಾಗಿ ಬಂತು. ಭಾರತೀಯ ಮೂಲದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ಶಾಲೆಯಲ್ಲಿ ಬ್ರೆಡ್ ತರುವ ಮಕ್ಕಳ ಮುಂದೆ ರೊಟ್ಟಿಯ ಬುತ್ತಿ ಬಿಚ್ಚಲು ನಾಚಿ, ಮರದ ಹಿಂದೆ ಹೋಗಿ ತಿನ್ನುತ್ತಿದ್ದರಂತೆ. ‘ಕೂಲಿಗಳ ಊಟ’ ಎಂಬ ಹೀಯಾಳಿಕೆ ಆಗ ಸಾಮಾನ್ಯ. ಇದನ್ನು ಕೇಳಿದಾಗ ನನಗಾದ ಸಂಕಟ ಇನ್ನೂ ಹಾಗೇ ಇದೆ.

ಡಬಲ್ಸ್ ಎಂಬ ಬೀದಿ ತಿಂಡಿ ಶುರುವಾದದ್ದು 1930ರ ದಶಕದಲ್ಲಿ, ಪ್ರಿನ್ಸಸ್ ಟೌನ್‌ನಲ್ಲಿ. ಕಡಲೆಕಾಳು ಮಾರುತ್ತಿದ್ದ ಇಮಾಮೂಲ್ ದೀನ್ ಕುಟುಂಬ ಎರಡು ಬರಾಗಳ ನಡುವೆ ಕಡಲೆಕಾಳಿನ ಪಲ್ಯ ಇಟ್ಟು ಕಾಗದದಲ್ಲಿ ಸುತ್ತಿ ಕೊಟ್ಟಿತು. ಈಗ ಬೆಳಗಾಗುವ ಮುಂಚೆಯೇ ಗಾಡಿ ಮುಂದೆ ಸಾಲು. ಗಾರೆ ಕೆಲಸದವರು, ಪೊಲೀಸರು, ವಕೀಲರು, ರಾತ್ರಿಯಿಡೀ ಕುಣಿದು ಬಂದ ಹುಡುಗ ಹುಡುಗಿಯರು, ಎಲ್ಲ ಬಣ್ಣದವರೂ ನಿಂತೇ ತಿನ್ನುತ್ತಾರೆ. ‘ಟೂ ವಿತ್ ಸ್ಲೈಟ್’ ಅಂದರೆ ಎರಡು ಕೊಡಿ, ಖಾರ ಚೂರೇ ಚೂರು. ಆ ಚೂರೂ ಕಣ್ಣಲ್ಲಿ ನೀರು ತರಿಸುತ್ತದೆ.

ಇನ್ನೊಂದು ನೋಡಿ. ಪಕ್ಕದ ಟೊಬೇಗೊ ದ್ವೀಪದಲ್ಲಿ ಭಾರತೀಯ ಮೂಲದವರು ತೀರಾ ಕಡಿಮೆ. ಆದರೂ ಅಲ್ಲಿನವರು ಬಂದ ಅತಿಥಿಗೆ ಹೆಮ್ಮೆಯಿಂದ ಬಡಿಸುವುದು ಏಡಿ ಕರಿ ಮತ್ತು ಹಿಟ್ಟಿನ ಡಂಪ್ಲಿಂಗ್. ಟ್ರಿನಿಡಾಡ್‌ನ ಬಾರ್‌ಗಳಲ್ಲಿ ಜೀರಿಗೆ ಪುಡಿಯಲ್ಲಿ ಹುರಿದ ಹಂದಿಮಾಂಸ ಸಿಗುತ್ತದೆ, ‘ಗೀರಾ ಪೋರ್ಕ್’. ಜೀರಿಗೆಯ ಅಡುಗೆ ತಂದವರಲ್ಲಿ ಅನೇಕರು ಹಂದಿ ಮುಟ್ಟದವರು! ಯಾರ ಅಪ್ಪಣೆಯನ್ನೂ ಕೇಳದೆ ನೆರೆಯವರು ಅದನ್ನು ತಮ್ಮದಾಗಿಸಿಕೊಂಡರು. ಸಂಸ್ಕೃತಿ ಬೆಳೆಯುತ್ತದೆ ಅಂತ ನಾನು ಬರೆದದ್ದು ಇದನ್ನೇ.

ಹಾಗಾದರೆ ಊರಿನ ರುಚಿ? ಕೆಸುವಿನ ಎಲೆ, ಬೆಂಡೆಕಾಯಿ, ತೆಂಗಿನ ಹಾಲಿನ ಕಲ್ಲಾಲೂ ಭಾನುವಾರದ ಊಟದಲ್ಲಿ ಗಟ್ಟಿಯಾಗಿ ಕೂತಿದೆ. ಭಾರತೀಯ ಮೂಲದ ಮನೆಗಳಲ್ಲೂ ಉಂಡಿದ್ದೇನೆ. ದ್ವೀಪದ ಮೂಲನಿವಾಸಿಗಳ ಬದುಕು ಮತ್ತು ಅವರ ಅಡುಗೆ ಕ್ಷೀಣಿಸಿದ್ದು ನಿಜ. ಅದಕ್ಕೆ ಕಾರಣ ನೆಲ ಕಸಿದ ಯುರೋಪಿನವರ ಆಳ್ವಿಕೆ, ತಳ್ಳುಗಾಡಿಯ ಬಾಣಲೆಯಲ್ಲ. ಡಬಲ್ಸ್‌ನಿಂದ ಜಗಳಗಳು ತೀರಿದವು ಎಂದೂ ನಾನು ಹೇಳುವುದಿಲ್ಲ. ಚುನಾವಣೆ ಬಂದರೆ ಮತಗಳು ಇವತ್ತಿಗೂ ಬಹುಮಟ್ಟಿಗೆ ಮೂಲದ ಪ್ರಕಾರವೇ ಒಡೆಯುತ್ತವೆ.

ಪ್ರಶ್ನೆ: ಡಬಲ್ಸ್ ಮನೆಯಲ್ಲಿ ಮಾಡಬಹುದೇ ಅಕ್ಕಾ?
– ಓದುಗರೊಬ್ಬರು, ಶಿರಸಿ

ಉತ್ತರ: ಧಾರಾಳವಾಗಿ ಮಾಡಿ. ಎರಡು ಲೋಟ ಮೈದಾಕ್ಕೆ ಅರ್ಧರ್ಧ ಚಮಚ ಅರಿಶಿನ ಮತ್ತು ಜೀರಿಗೆ ಪುಡಿ, ಒಂದು ಚಮಚ ಈಸ್ಟ್, ಚಿಟಿಕೆ ಸಕ್ಕರೆ, ಉಪ್ಪು. ಬೆಚ್ಚಗಿನ ನೀರಲ್ಲಿ ಕೈಗಂಟುವಷ್ಟು ಮೆತ್ತಗೆ ಕಲಸಿ ಒಂದು ಗಂಟೆ ಮುಚ್ಚಿಡಿ. ಲಟ್ಟಣಿಗೆ ಬೇಡ, ಎಣ್ಣೆ ಕೈಯಲ್ಲಿ ತಟ್ಟಿ. ಬಿಸಿ ಎಣ್ಣೆಯಲ್ಲಿ ಎರಡೂ ಬದಿ ಕೆಲವೇ ಸೆಕೆಂಡು ಸಾಕು, ಗರಿಗರಿಯಾಗಬಾರದು. ತೆಗೆದ ಕೂಡಲೇ ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿ.

ನೆನೆಸಿದ ಕಾಬೂಲಿ ಕಡಲೆಯನ್ನು ಬೆಣ್ಣೆಯಂತೆ ಬೇಯಿಸಿ, ಬೆಳ್ಳುಳ್ಳಿ, ಈರುಳ್ಳಿ, ಕರಿ ಪುಡಿಯ ಜೊತೆ ತೆಳ್ಳಗೆ ಕುದಿಸಿ. ಮೇಲೆ ತುರಿದ ಸೌತೆಕಾಯಿ, ಹುಣಸೆ ಚಟ್ನಿ, ಖಾರ. ಅಲ್ಲಿ ‘ಶಾಡೋ ಬೆನಿ’ ಸೊಪ್ಪು ಹಾಕುತ್ತಾರೆ. ಉದ್ದ ಎಲೆ, ಅಂಚಿನಲ್ಲಿ ಸಣ್ಣ ಮುಳ್ಳು, ಕೊತ್ತಂಬರಿಗಿಂತ ಜೋರು ಘಮ. ಮಲೆನಾಡಿನ ಕೆಲವು ಹಿತ್ತಿಲುಗಳಲ್ಲಿ ಬೆಳೆಯುತ್ತದೆ, ಹುಡುಕಿ. ಸಿಗದಿದ್ದರೆ ಕೊತ್ತಂಬರಿಯನ್ನೇ ಕೈತುಂಬಾ ಹಾಕಿ.