ನಿಮ್ಮ ಕೈ ಬೇರೆ, ಫ್ಯಾನು ಬೇರೆ

ಪ್ರಶ್ನೆ: ಮೊಮ್ಮಗನಿಗೆ ಆರು ತಿಂಗಳು. ನಾನು ಗಿಲಕಿ ಎತ್ತಿಕೊಳ್ಳಲು ಹೋದರೆ ನನ್ನ ಕೈಯನ್ನೇ ನೋಡುತ್ತಾನೆ. ಫ್ಯಾನು ತಿರುಗಿದರೂ ಹಾಗೇ ನೋಡುತ್ತಾನೆ. ‘ಅವನಿಗೆ ನಿನ್ನ ಕೈಯೂ ಒಂದೇ, ಫ್ಯಾನೂ ಒಂದೇ’ ಅನ್ನುತ್ತಾನೆ ನನ್ನ ಮಗ. ಹೌದೇ?
– ಒಬ್ಬ ಅಜ್ಜಿ, ಹಾಸನ

ಉತ್ತರ: ನಿಮ್ಮ ಮಗನ ಮಾತು ಒಪ್ಪಲಾರೆ ಅಮ್ಮಾ. ಮಗು ಎರಡನ್ನೂ ನೋಡುವುದು ನಿಜ. ಆದರೆ ಫ್ಯಾನು ಸುಮ್ನೆ ತಿರುಗುತ್ತದೆ, ನಿಮ್ಮ ಕೈಗೆ ಏನೋ ಬೇಕಾಗಿದೆ. ಆ ‘ಬೇಕು’ ಅವನಿಗೆ ಆಗಲೇ ತಿಳಿಯುತ್ತದೆ.

ಅಮೆರಿಕದ ಮನೋವಿಜ್ಞಾನಿ ಅಮಾಂಡಾ ವುಡ್‌ವರ್ಡ್ 1998ರಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಮಗುವಿನ ಮುಂದೆ ಎರಡು ಆಟಿಕೆ: ಒಂದು ಕರಡಿ, ಒಂದು ಚೆಂಡು. ಒಂದು ಕೈ ಬಂದು ಪ್ರತಿಸಲವೂ ಅದೇ ಆಟಿಕೆಯನ್ನು ಹಿಡಿಯುತ್ತದೆ. ನೋಡಿ ನೋಡಿ ಮಗುವಿಗೆ ಬೇಜಾರಾಗುತ್ತದೆ, ಕಣ್ಣು ಬೇರೆ ಕಡೆ ಹೋಗುತ್ತದೆ. ಆಗ ಆಟಿಕೆಗಳ ಜಾಗ ಅದಲುಬದಲು ಮಾಡುತ್ತಾರೆ. ಈಗ ಕೈ ಹಳೆಯ ದಾರಿಯಲ್ಲೇ ಹೋಗಿ ಬೇರೆ ಆಟಿಕೆ ಹಿಡಿದರೆ ಮಗು ಹೊಸದೇನೋ ಕಂಡಂತೆ ಜಾಸ್ತಿ ಹೊತ್ತು ನೋಡುತ್ತದೆ. ದಾರಿ ಬದಲಾಗಿ, ಮೊದಲಿನ ಆಟಿಕೆಯನ್ನೇ ಹಿಡಿದರೆ ಅಷ್ಟು ನೋಡುವುದಿಲ್ಲ. ಅಂದರೆ ಕೈ ಎಲ್ಲಿಗೆ ಹೋಯಿತು ಅನ್ನುವುದಕ್ಕಿಂತ ಏನನ್ನು ಬಯಸಿತು ಅನ್ನುವುದು ಅದರ ಮನಸ್ಸಿನಲ್ಲಿ ನಿಂತಿದೆ, ಅಲ್ವಾ? ಕೈಯ ಬದಲು ಒಂದು ಕೋಲು ಬಂದು ಆಟಿಕೆ ಮುಟ್ಟಿದಾಗ ಈ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಮೊಮ್ಮಗನ ವಯಸ್ಸಿನ ಮಕ್ಕಳೂ ಅದರಲ್ಲಿದ್ದರು.

ಹಾಗಂತ ಮನುಷ್ಯರು ಒಂದು ಕಡೆ, ವಸ್ತುಗಳು ಇನ್ನೊಂದು ಕಡೆ ಅಂತ ಗೆರೆ ಎಳೆದಂತಿಲ್ಲ. ತಾನಾಗಿಯೇ ಚಲಿಸುವ ಪೆಟ್ಟಿಗೆಗೂ ಐದು ತಿಂಗಳ ಮಕ್ಕಳು ಗುರಿ ಇದೆಯೆಂದುಕೊಂಡದ್ದನ್ನು 2005ರ ಒಂದು ಅಧ್ಯಯನ ಕಂಡಿತು.

ನನಗೆ ತುಂಬಾ ಇಷ್ಟವಾದದ್ದು ಅದೇ ವರ್ಷದ ಇನ್ನೊಂದು ಕೆಲಸ. ಮೂರು ತಿಂಗಳ ಮಗುವಿಗೆ ವಸ್ತು ಹಿಡಿಯಲು ಬರುವುದಿಲ್ಲ. ಜೆಸಿಕಾ ಸಾಮರ್‌ವಿಲ್ ಮತ್ತು ಜೊತೆಗಾರರು ಮಕ್ಕಳಿಗೆ ವೆಲ್ಕ್ರೋ ಅಂಟಿಸಿದ ಕೈಗವಸು ತೊಡಿಸಿದರು. ಕೈ ತಾಗಿದರೆ ಸಾಕು, ಆಟಿಕೆ ಅಂಟಿಕೊಂಡು ಬರುತ್ತದೆ. ಹೀಗೆ ಕೆಲವೇ ನಿಮಿಷ ಆಡಿದ ಮಕ್ಕಳು ಬೇರೆಯವರ ಕೈಯ ಗುರಿಯನ್ನೂ ಗುರುತಿಸಿದರು. ಹೀಗೆ ಆಡುವ ಮೊದಲೇ ಬೇರೆಯವರ ಕೈಯನ್ನು ನೋಡಿದ ಮಕ್ಕಳಿಗೆ ಅದು ಆಗಲಿಲ್ಲ. ತಾನು ಹಿಡಿದು ನೋಡಿದ ಮೇಲೆ ಇನ್ನೊಬ್ಬರ ಹಿಡಿತ ಅರ್ಥವಾಯಿತು!

ಆದ್ದರಿಂದ ಗಿಲಕಿಯನ್ನು ಅವನಿಗೆ ಎಟುಕುವಷ್ಟು ದೂರದಲ್ಲಿಡಿ. ತಡಕಲಿ, ಬೀಳಿಸಲಿ. ನೀವೂ ಅವನೆದುರೇ ಕೈ ಚಾಚಿ ಎತ್ತಿಕೊಳ್ಳಿ. ಮನೆಯಲ್ಲಿ ಅವನನ್ನು ಪರೀಕ್ಷೆ ಮಾತ್ರ ಮಾಡಬೇಡಿ. ಈ ಫಲಿತಾಂಶಗಳೆಲ್ಲ ಹಲವು ಮಕ್ಕಳು ನೋಡಿದ ಹೊತ್ತಿನ ಸರಾಸರಿಯಿಂದ ಬಂದವು. ನಿದ್ದೆ ಬಂದ ಒಂದು ಮಗು ಎಲ್ಲಿ ಬೇಕಾದರೂ ನೋಡೀತು.

– ಸಂ.